ಬಟ್ಟೆಯಲ್ಲಿ ಸುತ್ತಿದ ಉಡುಗೊರೆ



ಬೆತ್ಲೆಹೇಮಿನಲ್ಲಿ ನಡೆದುದನ್ನು ಹೇಳುವಾಗ ಸಂತ ಲೂಕನು ಬಹಳ ಮಿತಭಾಷಿ. ಛತ್ರದ ವರ್ಣನೆಯಿಲ್ಲ, ದಾರಿಯ ಆಯಾಸದ ಮಾತಿಲ್ಲ. ಆದರೆ ಒಂದು ಸಣ್ಣ ಸಂಗತಿಯನ್ನು ಮಾತ್ರ ಅವನು ಎರಡು ಸಲ ಹೇಳುತ್ತಾನೆ. ಮರಿಯಮ್ಮನವರು ಕಂದನನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು. ದೇವದೂತನು ಕುರುಬರಿಗೆ ಕೊಟ್ಟ ಗುರುತೂ ಅದೇ (ಲೂಕ 2:7, 12). ದೇವರು ಲೋಕಕ್ಕೆ ಕೊಟ್ಟ ಉಡುಗೊರೆಯ ಹೊದಿಕೆ ಅದು. ಒಗೆದು, ಒಣಗಿಸಿ, ಮರುದಿನ ಮತ್ತೆ ಸುತ್ತುವ ಬಟ್ಟೆ. ನಮ್ಮ ಕಡೆ ಬಾಣಂತಿಯ ಕೋಣೆಗೆ ಅಜ್ಜಿಯ ಹಳೆಯ ಹತ್ತಿ ಸೀರೆಯನ್ನು ಹರಿದು ಕೊಡುತ್ತಾರಲ್ಲ, ಆ ಜಾತಿಯದು ಎಂದುಕೊಳ್ಳಿ.

ಈ ಆಗಮನ ಕಾಲದಲ್ಲಿ ಕುಮಟಾ, ಹೊನ್ನಾವರ, ಭಟ್ಕಳದ ಅಂಗಡಿಗಳ ಮುಂದೆ ನಡೆದರೆ ಕಾಣುವುದೇ ಬೇರೆ. ಹೊಳೆಯುವ ಪ್ಲಾಸ್ಟಿಕ್ ಕಾಗದ, ಜರಿಯ ಸರ, ಪ್ಲಾಸ್ಟಿಕ್ ನಕ್ಷತ್ರ. ಡಿಸೆಂಬರ್ 24ರ ರಾತ್ರಿ ಬಲಿಪೂಜೆ ಮುಗಿಸಿ ಮನೆಗೆ ಬಂದ ಮಕ್ಕಳು ಆ ಕಾಗದವನ್ನು ಹರಿಯಲು ಅರ್ಧ ನಿಮಿಷ ಸಾಕು. ಅದು ಮಣ್ಣಲ್ಲಿ ಕರಗದು, ಗುಜರಿಯವನು ಒಯ್ಯನು, ಸುಟ್ಟರೆ ವಿಷದ ಹೊಗೆ. ಮಳೆಗಾಲದಲ್ಲಿ ಹಳ್ಳ ಸೇರಿ ಶರಾವತಿಗೋ ಅಘನಾಶಿನಿಗೋ ಬಂದು, ಕೊನೆಗೆ ನಮ್ಮ ಮೀನುಗಾರರ ಬಲೆಗೇ ಬೀಳುತ್ತದೆ. ಹೊನ್ನಾವರದ ಕಾಸರಕೋಡು ತೀರಕ್ಕೆ ಕಡಲಾಮೆಗಳು ಮೊಟ್ಟೆಯಿಡಲು ಬರುವುದೂ ಚಳಿಗಾಲದ ಈ ತಿಂಗಳುಗಳಲ್ಲೇ. ಅಲಂಕಾರದ ಥರ್ಮೋಕೋಲ್ ಮತ್ತು ಸಿಹಿತಿಂಡಿಯ ಪೆಟ್ಟಿಗೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಗೋದಲಿಯ ಗುಡ್ಡಕ್ಕೆ ಥರ್ಮೋಕೋಲ್ ಕೊರೆಯುವ ನಮ್ಮ ಯುವಕರು ಇದನ್ನು ಗಮನಿಸಬೇಕು.

ಆದರೆ ನನ್ನನ್ನು ಹೆಚ್ಚು ಕಾಡುವುದು ಕಸವಲ್ಲ. ಮನೆಗಳ ಭೇಟಿಗೆ ಹೋದಾಗ ಗುರುಗಳ ಕಿವಿಗೆ ಜನವರಿಯಲ್ಲಿ ಬೀಳುವ ಮಾತು ಬೇರೆ: ಹಬ್ಬಕ್ಕೆ ಮಾಡಿದ ಸಾಲದ ಕಂತು. ಗಲ್ಫಿನಲ್ಲಿ ದುಡಿಯುವವರಿರುವ ಮನೆಯ ಅಂಗಳದಲ್ಲಿ ಐನೂರು ದೀಪ ಮಿನುಗಿದರೆ, ಪಕ್ಕದ ಕೂಲಿಯವರ ಮನೆಯ ಮಗು ಅಪ್ಪನ ಮುಖ ನೋಡುತ್ತದೆ. ವಾರ್ಡಿನಲ್ಲಿ ಚೀಟಿ ಎತ್ತಿ ಒಬ್ಬರಿಗೊಬ್ಬರು ಉಡುಗೊರೆ ಕೊಡುವ ಸಂಜೆ ‘ಮಗುವಿಗೆ ಜ್ವರ’ ಎಂದು ಬಾರದ ಮನೆಯಿದ್ದರೆ, ಜ್ವರ ಮಗುವಿಗೋ ಅಪ್ಪನ ಜೇಬಿಗೋ ಎಂದು ನಾವು ಕೇಳಿಕೊಳ್ಳಬೇಕು.

‘ಹಾಗಾದರೆ ಫಾದರ್, ಜಿಪುಣರಾಗಿ ಎನ್ನುತ್ತೀರಾ?’ ಎಂದು ಕೆಲವರು ಕೇಳಿಯಾರು. ಔದಾರ್ಯವು ಜಿಪುಣತನಕ್ಕೂ ದುಂದುವೆಚ್ಚಕ್ಕೂ ನಡುವೆ ಇರುವ ಸದ್ಗುಣ ಎಂದು ಅರಿಸ್ಟಾಟಲ್ ಬರೆದ. ಸಂತ ಥಾಮಸ್ ಅಕ್ವಿನಾಸರೂ ಅದನ್ನೇ ವಿವರಿಸಿದರು. ದುಂದುಗಾರನು ಕೊನೆಗೆ ಕೊಡಲಿಕ್ಕಾಗಿಯೇ ಎಲ್ಲೆಲ್ಲಿಂದಲೋ ತೆಗೆದುಕೊಳ್ಳುವವನಾಗುತ್ತಾನೆ ಎಂಬ ಅರಿಸ್ಟಾಟಲನ ಮಾತು ನಮ್ಮ ಹಬ್ಬದ ಸಾಲಕ್ಕೇ ಹೇಳಿದಂತಿದೆ. ಇನ್ನು ಬೆಥಾನಿಯ ಮರಿಯಳು ಮುನ್ನೂರು ದಿನಾರಿ ಬೆಲೆಯ ಸುಗಂಧ ತೈಲವನ್ನು ಯೇಸುವಿನ ಪಾದಕ್ಕೆ ಸುರಿದಾಗ ‘ದಂಡ’ ಎಂದು ಗೊಣಗಿದವನು ಯೂದಾಸ, ಪ್ರಭುವಲ್ಲ. ಆಕೆ ಸುರಿದದ್ದು ಪ್ರಭುವಿಗಾಗಿ, ನೋಡುವವರ ಕಣ್ಣಿಗಾಗಿ ಅಲ್ಲ. ಅದೇ ಯೊವಾನ್ನನ ಶುಭಸಂದೇಶದಲ್ಲಿ, ಐದು ಸಾವಿರ ಮಂದಿ ಉಂಡ ಮೇಲೆ, ಉಳಿದ ತುಣುಕುಗಳನ್ನು ಒಟ್ಟುಗೂಡಿಸಿ ಎಂದವರೂ ಪ್ರಭುವೇ. ಕೈ ಬಿಚ್ಚಿ ಕೊಡುವುದೂ ತುಣುಕು ಆಯುವುದೂ ಒಂದೇ ಕೈಯ ಕೆಲಸ.

ಈಗ ಕೆಲಸದ ಮಾತಿಗೆ ಬರೋಣ.

ಮೊದಲು ನಕ್ಷತ್ರ. ಮೂರಡಿ ಉದ್ದದ ಹತ್ತು ಬಿದಿರಿನ ಕಡ್ಡಿ ಸೀಳಿಕೊಳ್ಳಿ. ಐದೈದು ಕಡ್ಡಿಯಿಂದ ಎರಡು ನಕ್ಷತ್ರ ಕಟ್ಟಿ, ಒಂದರ ಮೇಲೊಂದಿಟ್ಟು ಐದೂ ತುದಿಗಳನ್ನು ಬಿಗಿಯಿರಿ. ನಡುವೆ ಕಡ್ಡಿಗಳು ಕೂಡುವ ಐದು ಕಡೆ ಆರಂಗುಲದ ತುಂಡುಗಳನ್ನು ಸಿಕ್ಕಿಸಿದರೆ ಅದು ಉಬ್ಬಿ ನಿಲ್ಲುತ್ತದೆ. ಗಾಳಿಪಟದ ಕಾಗದವಾದರೆ ಪ್ರತಿ ವರ್ಷ ಬದಲಿಸಬೇಕು. ಹಳೆಯ ಬಿಳಿ ಪಂಚೆಯನ್ನು ಹೊಲಿದು ಹೊದಿಸಿದರೆ ಒಗೆದೊಗೆದು ಹಲವು ಹಬ್ಬ ಕಳೆಯಬಹುದು. ಒಳಗೆ ಬಿಸಿಯಾಗದ ಸಣ್ಣ ಎಲ್‌ಇಡಿ ಬಲ್ಬ್ ಸಾಕು. ಕಾಗದಕ್ಕೆ ಮೈದಾ ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತು ಬೆರೆಸಿದರೆ ಜಿರಲೆ ತಿನ್ನದು. ಅಡಿಕೆ ತೋಟದವರಿಗೆ ಹೇಳಬೇಕಿಲ್ಲ, ಅದು ವಿಷ; ದೊಡ್ಡವರೇ ಮಾಡಲಿ, ಅಡುಗೆಯ ಪಾತ್ರೆ ಬೇಡ.

ಗೋದಲಿಯ ವಿಷಯ ಸ್ವಲ್ಪ ದೀರ್ಘ. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗ್ರೇಚೊ ಎಂಬ ಊರಿನಲ್ಲಿ ಕ್ರಿಸ್ತಜನನದ ದೃಶ್ಯವನ್ನು ಏರ್ಪಡಿಸಿದಾಗ ಪ್ರತಿಮೆಗಳೇ ಇರಲಿಲ್ಲ. ಹುಲ್ಲು, ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ, ಪಂಜು ಹಿಡಿದು ಬಂದ ಊರ ಜನ. ಆ ಹುಲ್ಲನ್ನೂ ಎಸೆಯಲಿಲ್ಲ. ಕಾಯಿಲೆಯ ದನಕರುಗಳಿಗೆ ತಿನ್ನಿಸಲು ಕಾದಿಟ್ಟರೆಂದು ಅವರ ಚರಿತ್ರೆ ಬರೆದ ಚೆಲಾನೊದ ಥಾಮಸ್ ಹೇಳುತ್ತಾನೆ. ಪೋಪ್ ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಗೋದಲಿಯ ಕುರಿತ ತಮ್ಮ ಪತ್ರಕ್ಕೆ ಸಹಿ ಹಾಕಿದ್ದೂ ಅದೇ ಗ್ರೇಚೊದಲ್ಲಿ.

ನಮ್ಮಲ್ಲಿ ಹುಲ್ಲಿಗೆ ಬರವೇ? ಅಡಿಕೆ ಹಾಳೆಯ ಮಾಡು, ಹೆಣೆದ ತೆಂಗಿನ ಮಡಲಿನ ಗೋಡೆ, ನಾಲ್ಕು ಚಿರೆಕಲ್ಲಿನ ಚೂರು. ಬಾವಿಕಟ್ಟೆಯ ಪಾಚಿ ಕೆರೆದು ತರುವ ಬದಲು ಮಕ್ಕಳ ಕೈಯಲ್ಲಿ ಭತ್ತ ಬಿತ್ತಿಸಿ. ಕ್ರೊಯೇಶಿಯ, ಹಂಗೇರಿಯ ಕಥೋಲಿಕರು ಡಿಸೆಂಬರ್ 13ರಂದು, ಸಂತ ಲೂಸಿಯಾಳ ಹಬ್ಬದ ದಿನ, ತಟ್ಟೆಯಲ್ಲಿ ಗೋಧಿ ಬಿತ್ತುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಹಸಿರು. ನಮ್ಮ ಸೆಖೆಗೆ ಮೊಳಕೆ ಬಂದ ಭತ್ತ ಇನ್ನೂ ಬೇಗ ಏಳುತ್ತದೆ. ಹಬ್ಬ ಮುಗಿದ ಮೇಲೆ ಕರುವಿಗೋ ಕೋಳಿಗೋ ಹಾಕಿ. ಗಾಳಿಮರದ ಕೊಂಬೆ ಬೇಕೆನ್ನುವವರು ಸ್ವಂತ ಹಿತ್ತಲಿನದನ್ನೇ ಕಡಿಯಲಿ. ಕಡಲತೀರದ ಸಾಲುಮರಗಳನ್ನು ನೆಟ್ಟದ್ದು ಗಾಳಿ ಮರಳನ್ನು ತಡೆಯಲು. ಅವಕ್ಕೆ ಕತ್ತಿ ಹಾಕುವುದು ಬೇಡ.

ಉಡುಗೊರೆಯ ಹೊದಿಕೆಗೆ ಹಳೆಯ ಸೀರೆಯ ಸೆರಗು, ದರ್ಜಿಯ ಬಳಿ ಉಳಿದ ತುಂಡು. ಮೊಳದಷ್ಟು ಚೌಕ ಕತ್ತರಿಸಿ ಅಂಚು ಹೊಲಿದರೆ ಆಯಿತು. ಜಪಾನಿನವರು ಇದನ್ನೇ ಫುರೋಶಿಕಿ ಎಂದು ಕರೆದು ಕಲೆಯಾಗಿ ಬೆಳೆಸಿದ್ದಾರೆ. ನಮ್ಮಲ್ಲಿ ಬುತ್ತಿಯ ಗಂಟು ಎಂದರೆ ಮುಗಿಯಿತು. ಬಟ್ಟೆಯಿಲ್ಲದವರಿಗೆ ಗೋಡೆಯ ಕ್ಯಾಲೆಂಡರ್ ಇದೆ. ಕ್ರಿಸ್‌ಮಸ್ ಹೊತ್ತಿಗೆ ಅದರ ಹನ್ನೊಂದು ಹಾಳೆ ಬಿಡುವಾಗಿರುತ್ತವೆ, ಡಿಸೆಂಬರನ್ನು ಮಾತ್ರ ಹರಿಯಬೇಡಿ! ಸಂತರ ಚಿತ್ರವಿದ್ದರೆ ಕತ್ತರಿಸಿ ಧರ್ಮೋಪದೇಶದ ಮಕ್ಕಳಿಗೆ ಕೊಡಿ, ಉಳಿದದ್ದರಲ್ಲಿ ಸುತ್ತಿ. ಕಟ್ಟಲು ಮಲ್ಲಿಗೆ ಕಟ್ಟುವ ಬಾಳೆನಾರು ಸಾಕು; ಭಟ್ಕಳದ ಹೆಂಗಸರಿಗೆ ಇದನ್ನು ಕಲಿಸಹೊರಟರೆ ನಕ್ಕಾರು. ನೆವ್ರಿ, ಚಕ್ಕುಲಿ ಹಂಚುವುದಕ್ಕೆ ಸ್ಟೀಲ್ ಡಬ್ಬಿಯನ್ನೇ ಕಳಿಸಿ. ನೆರೆಯವರ ಪಾತ್ರೆಯನ್ನು ಬರಿದಾಗಿ ಮರಳಿಸಬಾರದೆಂದು ಒಂದು ಹಿಡಿ ಸಕ್ಕರೆಯನ್ನಾದರೂ ಹಾಕುವ ಹಿರಿಯರು ನಮ್ಮಲ್ಲಿದ್ದಾರೆ.

ವಾರ್ಡಿನ ಹಿರಿಯರಲ್ಲಿ ನನ್ನದೊಂದು ಬೇಡಿಕೆ. ಈ ಸಲ ಚೀಟಿ ಎತ್ತುವಾಗಲೇ ತೀರ್ಮಾನ ಮಾಡಿ: ಎಲ್ಲರ ಉಡುಗೊರೆಯೂ ಹಳೆಯ ಬಟ್ಟೆಯ ಗಂಟಿನಲ್ಲೇ ಬರಲಿ, ಬೆಲೆಗೊಂದು ಮಿತಿಯಿರಲಿ, ಮನೆಯಲ್ಲೇ ಮಾಡಿದ ಉಪ್ಪಿನಕಾಯಿಯೂ ನಡೆಯಲಿ. ಮೇಜಿನ ಮೇಲೆ ಇಪ್ಪತ್ತು ಗಂಟುಗಳು ಸಾಲಾಗಿ ಕುಳಿತರೆ ಯಾವುದು ಗಲ್ಫಿನ ಮನೆಯದು, ಯಾವುದು ಕೂಲಿಯ ಮನೆಯದು ಎಂದು ಮಕ್ಕಳಿಗೆ ತಿಳಿಯದು. ಗಂಟು ಬಿಚ್ಚಿದ ಬಟ್ಟೆ ಪಡೆದವರಲ್ಲೇ ಉಳಿಯಲಿ, ಮುಂದಿನ ವರ್ಷ ಅವರು ಮತ್ತೊಬ್ಬರಿಗೆ ಅದರಲ್ಲೇ ಕಟ್ಟಲಿ.

ಮೂವರು ರಾಯರ ಹಬ್ಬ ಕಳೆದ ಮೇಲೆ ಪ್ರತಿಮೆಗಳನ್ನು ಒಂದೊಂದಾಗಿ ಹಳೆಯ ಬಟ್ಟೆಯಲ್ಲಿ ಸುತ್ತಿ, ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಡಿ. ನಾಲ್ಕು ಒಣಗಿದ ಬೇವಿನೆಲೆ ಮೇಲಿರಲಿ. ನಕ್ಷತ್ರದ ಚೌಕಟ್ಟನ್ನು ನೆಲಕ್ಕಿಡಬೇಡಿ, ಗೆದ್ದಲು ಹಿಡಿದೀತು. ಅಟ್ಟದ ತೊಲೆಗೆ ತೂಗುಹಾಕಿ.