ಅರ್ಧ ತಾಸು ಯಾರ ಪಾಲಿಗೆ?



ಹೋದ ಭಾನುವಾರ ವಂದನೆ ಮುಗಿದ ಮೇಲೆ ಒಬ್ಬ ಅಕ್ಕ ಕೇಳಿದರು: "ಧ್ಯಾನಕ್ಕ ಹತ್ತು ನಿಮಿಷ ಸಿಗೂದಿಲ್ಲ, ಡಾಕ್ಟರು ದಿನಾ ಅರ್ಧ ತಾಸು ನಡೀರಿ ಅಂತಾರ. ಎಲ್ಲಿಂದ ತರ್ಲಿ?" ಅವರಿಗೆ ಇಬ್ಬರು ಸಣ್ಣ ಮಕ್ಕಳು, ಒಂಬತ್ತೂವರೆಗೆ ಕೆಲಸಕ್ಕೆ ಹಾಜರಿರಬೇಕು. ನನ್ನ ಮನೆಯ ಲೆಕ್ಕವೂ ಹೆಚ್ಚುಕಡಿಮೆ ಅದೇ. ಆದ್ದರಿಂದ ಇಂದಿನ ಪಾಠಕ್ಕೆ ಆ ಪ್ರಶ್ನೆಯನ್ನೇ ತೆಗೆದುಕೊಂಡಿದ್ದೇನೆ.

ವಿನಯ ಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ. ವೈಶಾಲಿಯಲ್ಲಿ ಭಿಕ್ಖುಗಳಿಗೆ ದಿನವೂ ಒಳ್ಳೊಳ್ಳೆಯ ಊಟ ಸಿಗುತ್ತಿತ್ತು. ಉಂಡು ಉಂಡು ಬಹಳ ಜನ ಕಾಯಿಲೆ ಬಿದ್ದರು. ಬೇರೆ ಕೆಲಸಕ್ಕೆ ಅಲ್ಲಿಗೆ ಬಂದಿದ್ದ ವೈದ್ಯ ಜೀವಕ ಅವರ ಸ್ಥಿತಿ ನೋಡಿ ನೇರ ಭಗವಾನರ ಬಳಿ ಹೋದ. ಔಷಧಿ ಬರೆದುಕೊಡಲಿಲ್ಲ. ಭಿಕ್ಖುಗಳಿಗೆ ನಡೆದಾಡಲು ಒಂದು ದಾರಿ, ಬೆವರು ಹರಿಸಲು ಒಂದು ಬಿಸಿ ಸ್ನಾನದ ಮನೆ, ಇವೆರಡಕ್ಕೆ ಅನುಮತಿ ಕೊಡಿ ಎಂದು ಕೇಳಿದ. ಭಗವಾನರು ಒಪ್ಪಿದರು. ನಡೆದಾಡುವ ಆ ದಾರಿಯೇ ಚಂಕಮ.

ಮುಂದಿನ ಭಾಗ ನನಗೆ ಇನ್ನೂ ಇಷ್ಟ. ಆ ದಾರಿ ಏರುತಗ್ಗಾಗಿತ್ತು, ನಡೆದವರ ಕಾಲು ನೋಯಿತು. ಹಾಗಾದರೆ ನೆಲ ಸಮ ಮಾಡಿ ಎಂದರು. ಮಳೆ ನೀರು ನಿಂತಿತು. ಎತ್ತರಿಸಿ ಎಂದರು. ಎತ್ತರದಿಂದ ಕೆಲವರು ಬಿದ್ದರು. ಕಟಕಟೆ ಹಾಕಿ ಎಂದರು. ಬಯಲಲ್ಲಿ ಚಳಿ, ಬಿಸಿಲು ತಡೆಯಲಾಗಲಿಲ್ಲ. ನಡೆಯಲಿಕ್ಕೆಂದೇ ಒಂದು ಸಾಲೆ ಕಟ್ಟಿ ಎಂದರು. "ನಿಮಗೆ ಶ್ರದ್ಧೆ ಸಾಲದು" ಎಂದು ಭಿಕ್ಖುಗಳನ್ನು ಬೈದ ಮಾತು ಇಲ್ಲಿ ಎಲ್ಲಿಯೂ ಬರುವುದಿಲ್ಲ. ಅಡ್ಡಿ ಬಂದಾಗಲೆಲ್ಲ ಬದಲಾದದ್ದು ವ್ಯವಸ್ಥೆ.

ನಾವು ಇದರ ಉಲ್ಟಾ ಮಾಡುತ್ತೇವೆ. ವ್ಯಾಯಾಮ ಆಗದಿದ್ದರೆ "ನಾನು ಸೋಮಾರಿ" ಎಂದು ನಮ್ಮನ್ನೇ ಹಳಿದುಕೊಳ್ಳುತ್ತೇವೆ. ನೆಲ ಎಲ್ಲಿ ತಗ್ಗಿದೆ ಎಂದು ನೋಡುವುದಿಲ್ಲ.

ದುಡಿಯುವ ತಾಯಂದಿರ ಮನೆಯಲ್ಲಿ ಆ ತಗ್ಗು ಎಲ್ಲಿದೆ ಎಂಬುದು ಗುಟ್ಟೇನಲ್ಲ. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಮಾಡದ ಗಂಡಸರು ಆ ಸರಾಸರಿಯಲ್ಲಿ ಇಲ್ಲವೇ ಇಲ್ಲ! ಆ ಅಕ್ಕನ ಅರ್ಧ ತಾಸು ಎಲ್ಲಿ ಹೋಯಿತೆಂದು ಹುಡುಕುವವರು ಮೊದಲು ಇಲ್ಲಿ ಹುಡುಕಬೇಕು.

ಬಿಡುವು ಎಂಬುದು ಬಾಬಾಸಾಹೇಬರಿಗೆ ಸಣ್ಣ ವಿಷಯವಾಗಿರಲಿಲ್ಲ. ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ, ಕಾರ್ಖಾನೆಯ ವಾರದ ದುಡಿಮೆಯನ್ನು 54 ತಾಸಿನಿಂದ 48ಕ್ಕೆ ಇಳಿಸುವ 1946ರ ತಿದ್ದುಪಡಿಯನ್ನು ಶಾಸನಸಭೆಯ ಮುಂದಿಟ್ಟವರು ಅವರು. ಯಂತ್ರಗಳ ಪರವಾಗಿ ವಾದಿಸುವಾಗಲೂ ಅವರ ತರ್ಕ ಇದೇ: ಪಶುವಿನ ಹಾಗೆ ದುಡಿಯುವುದರಿಂದ ಮನುಷ್ಯನಿಗೆ ಬಿಡುಗಡೆ ಬೇಕು, ಬಿಡುವು ಸಿಗದವನಿಗೆ ಸಂಸ್ಕೃತಿಯೂ ಸಿಗುವುದಿಲ್ಲ. ಕಾರ್ಖಾನೆಯಲ್ಲಿ ಗೆದ್ದ ಆ ತಾಸುಗಳು ಅಡುಗೆಮನೆಯ ಬಾಗಿಲ ಹೊರಗೇ ನಿಂತುಬಿಟ್ಟವು ಅನ್ನಿಸುತ್ತದೆ ನನಗೆ.

"ನಮ್ಮ ಮಂದಿ ಹುಟ್ಟಿನಿಂದ ದುಡಿದೇ ಬಂದಾರ, ನಮಗ್ಯಾಕ ವಾಕಿಂಗ್?" ಅನ್ನುವವರಿದ್ದಾರೆ. ನಮ್ಮವ್ವ ತೊಗರಿ ಹೊಲದಲ್ಲಿ ಬೆನ್ನು ಬಗ್ಗಿಸಿ ನಲವತ್ತು ವರ್ಷ ದುಡಿದಳು. ಆ ದುಡಿಮೆ ಬೇರೆಯವರ ಲಾಭಕ್ಕೆ, ಬೇರೆಯವರು ಹೇಳಿದ ಹೊತ್ತಿಗೆ. ಅದನ್ನು ವ್ಯಾಯಾಮ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಕೊನೆಗೆ ಸಕ್ಕರೆ ಕಾಯಿಲೆಯ ಗಾಯ ಮಾಗದೆ ಕಾಲಿನ ಎರಡು ಬೆರಳು ತೆಗೆಯಬೇಕಾಯಿತು. ನಾನು ಕಲಿತೆ, ಕುರ್ಚಿಯ ಕೆಲಸ ಸಿಕ್ಕಿತು. ದಿನಕ್ಕೆ ಎಂಟು ತಾಸು ಕೂತೇ ಇರುತ್ತೇನೆ. ಮೂವತ್ತೆಂಟಕ್ಕೆ ನನ್ನ ರಕ್ತ ಪರೀಕ್ಷೆ ನೋಡಿದ ಡಾಕ್ಟರು, ಸಕ್ಕರೆ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿದೆ ಎಂದರು. ಬಾಬಾಸಾಹೇಬರನ್ನೂ ವರ್ಷಗಟ್ಟಲೆ ಕಾಡಿದ್ದು ಮಧುಮೇಹವೇ. 1956ರ ಅಕ್ಟೋಬರ್ 14ಕ್ಕೆ ದೀಕ್ಷೆ, ಡಿಸೆಂಬರ್ 6ಕ್ಕೆ ಪರಿನಿಬ್ಬಾಣ. ನಡುವೆ ಎರಡು ತಿಂಗಳೂ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ಚಲನೆ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೊದಲು, ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಎನ್ನುತ್ತಿದ್ದರು. 2020ರಲ್ಲಿ ಆ ಷರತ್ತು ತೆಗೆದರು. ಚೂರು ಚೂರಾಗಿ ಮಾಡಿದರೂ ಲೆಕ್ಕಕ್ಕೆ ಸೇರುತ್ತದೆ. ಮಕ್ಕಳಿರುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ.

ನಮ್ಮ ಮನೆಯಲ್ಲಿ ಮಾಡಿಕೊಂಡದ್ದು ಹೀಗೆ. ಸೋಮ, ಬುಧ, ಶುಕ್ರ ಬೆಳಿಗ್ಗೆ ನೀರು ತುಂಬುವುದು, ಮಕ್ಕಳ ಡಬ್ಬಿ ಕಟ್ಟುವುದು ನಮ್ಮ ಯಜಮಾನರ ಪಾಲು. ಆ ಮೂರು ದಿನ ಉಪ್ಪಿಟ್ಟು, ಮಕ್ಕಳು ಗೊಣಗುತ್ತಾರೆ, ಗೊಣಗಲಿ. ಆ ಹೊತ್ತಲ್ಲಿ ನಾನು ಅರ್ಧ ತಾಸು ನಡೆಯುತ್ತೇನೆ. ಮಂಗಳ, ಗುರು, ಶನಿ ಅವರ ಸರದಿ. ಸಂಜೆ ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿಯುತ್ತೇನೆ, ಮನೆಗೆ ಹನ್ನೆರಡು ನಿಮಿಷದ ದಾರಿ. ಐದು ದಿನಕ್ಕೆ ಅರವತ್ತು, ಮುಂಜಾನೆಯದು ತೊಂಬತ್ತು, 150 ಆಯಿತು. ಬಲದ ಕಸರತ್ತಿಗೆ ಜಿಮ್ ಬೇಡ. ಕುಕ್ಕರ್ ಸೀಟಿ ಹೊಡೆಯುವ ತನಕ ಬಸ್ಕಿ ಹೊಡೆಯಿರಿ, ಗೋಡೆಗೆ ಕೈಯೂರಿ ದಂಡ ತೆಗೆಯಿರಿ. ನನ್ನ ಮಗಳು ಪಕ್ಕದಲ್ಲಿ ನಿಂತು ಎಣಿಸುತ್ತಾಳೆ, ನಡುವೆ ಎರಡು ಮೂರು ನುಂಗಿಯೂ ಬಿಡುತ್ತಾಳೆ.

"ಹೆಣ್ಮಗಳು ನಸುಕಿನ್ಯಾಗ ಒಬ್ಬಾಕಿನೇ ರೋಡಿಗೆ ಹೋಗೂದೇನು?" ಎಂದು ನಮ್ಮತ್ತೆ ಕೇಳಿದ್ದರು. ಅವರ ಮಾತಲ್ಲಿ ಅರ್ಧ ಮರ್ಯಾದೆಯ ಚಿಂತೆ, ಅರ್ಧ ಬೀದಿನಾಯಿಗಳ ಭಯ. ಓಣಿಯ ಇನ್ನಿಬ್ಬರು ಜೊತೆಯಾದ ಮೇಲೆ ಎರಡೂ ತಣ್ಣಗಾದವು. ಇನ್ನು ಕಲಬುರಗಿಯ ಮೇ ತಿಂಗಳು ನಿಮಗೆ ಗೊತ್ತೇ ಇದೆ. ಏಳಾಗುವುದರೊಳಗೆ ಮುಗಿಸಬೇಕು, ಇಲ್ಲವೇ ಮನೆಯ ಪಡಸಾಲೆಯಲ್ಲೇ ಆ ಗೋಡೆಯಿಂದ ಈ ಗೋಡೆಗೆ. ಅದೂ ಒಂದು ಚಂಕಮ ಸಾಲೆ.

ಧ್ಯಾನದ ಬಗ್ಗೆಯೂ ಹೇಳಬೇಕು. ಅಂಗುತ್ತರ ನಿಕಾಯದಲ್ಲಿ ಚಂಕಮದ ಐದು ಪ್ರಯೋಜನಗಳನ್ನು ಭಗವಾನರು ಹೇಳಿದ್ದಾರೆ. ದೂರ ನಡೆಯುವ ಶಕ್ತಿ, ಸಾಧನೆಯ ಶಕ್ತಿ, ಕಾಯಿಲೆ ಕಡಿಮೆ, ಉಂಡದ್ದು ಅರಗುವುದು, ಆಗ ಬಂದ ಏಕಾಗ್ರತೆ ಬಹಳ ಹೊತ್ತು ನಿಲ್ಲುವುದು. ಆದರೆ ಹೆಜ್ಜೆ ಹೆಜ್ಜೆಗೂ ಗಮನವಿಟ್ಟು ನಿಧಾನ ನಡೆದರೆ ಡಾಕ್ಟರು ಹೇಳಿದ ನಡಿಗೆಯೂ ಆಯಿತು ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಉಸಿರು ಸ್ವಲ್ಪ ಏರಬೇಕು. ಇಪ್ಪತ್ತೈದು ನಿಮಿಷ ಬಿರುಸಾಗಿ ನಡೆದು, ಕೊನೆಯ ಐದು ನಿಮಿಷ ಮೌನವಾಗಿ ಪಾದದ ಮೇಲೆ ಮನಸ್ಸಿಟ್ಟರೆ ಎರಡೂ ಆಗುತ್ತದೆ.

ಒಂದೇ ದಿನ ಎಲ್ಲ ಮಾಡಲು ಹೋಗಬೇಡಿ. ಸೋಣ ಭಿಕ್ಖು ಕಾಲಲ್ಲಿ ರಕ್ತ ಬರುವ ತನಕ ನಡೆದಾಗ ಭಗವಾನರು ಅವನಿಗೆ ವೀಣೆಯ ತಂತಿ ನೆನಪಿಸಿದ್ದು ಗೊತ್ತಲ್ಲ? ಸಕ್ಕರೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ, ಕಿಸೆಯಲ್ಲಿ ಎರಡು ಚಾಕಲೇಟ್ ಇಟ್ಟುಕೊಳ್ಳಿ, ರಾತ್ರಿ ಪಾದ ನೋಡಿಕೊಳ್ಳಿ.

ಈ ವಾರದ ಅಭ್ಯಾಸ: ಬೆಳಿಗ್ಗೆ ಐದರಿಂದ ಒಂಬತ್ತರ ತನಕ ಮನೆಯಲ್ಲಿ ಯಾರು ಎಷ್ಟು ನಿಮಿಷ ಏನು ಮಾಡುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದು ಭಾನುವಾರ ತನ್ನಿ. ಗಂಡಸರು ತಮ್ಮ ಕೈಯಾರೆ ಬರೆಯಬೇಕು, ಹೆಂಡತಿಯಿಂದ ಬರೆಸಿಕೊಂಡು ಬರಬಾರದು.

ಜೈ ಭೀಮ್.