ಟಾರ್ಚ್ ಸೆಲ್‌ಗಳಿಗೆ ಸೌರ ಚಾರ್ಜು

ರಾತ್ರಿ ನೀರು ಹಾಯಿಸುವಾಗ ಟಾರ್ಚ್ ಕೈಕೊಟ್ಟರೆ ಹಾವು ತುಳಿಯುವ ಅಪಾಯವುಂಟು. ಟಾರ್ಚಿಗೆ ರೀಚಾರ್ಜಬಲ್ ಸೆಲ್ ಹಾಕಿ, ಅವನ್ನು ಬಿಸಿಲಿನಿಂದಲೇ ಚಾರ್ಜು ಮಾಡಿಕೊಳ್ಳಬಹುದು.

ಒಂದು ಸಿಲಿಕಾನ್ ಸೌರಕೋಶವು ಒಳ್ಳೆಯ ಬಿಸಿಲಿನಲ್ಲಿ ಸುಮಾರು 0.5 ವೋಲ್ಟ್ ಕೊಡುತ್ತದೆ. 1.2 ವೋಲ್ಟಿನ ಎರಡು ನಿಕ್ಕೆಲ್-ಮೆಟಲ್ ಹೈಡ್ರೈಡ್ ಸೆಲ್ ತುಂಬಲು ಸುಮಾರು 3 ವೋಲ್ಟ್ ಬೇಕು, ಡಯೋಡಿನಲ್ಲಿ 0.7 ವೋಲ್ಟ್ ಕಳೆಯುತ್ತದೆ. ಆದ್ದರಿಂದ 8 ಸೌರಕೋಶಗಳನ್ನು ಸಾಲಾಗಿ ಜೋಡಿಸಬೇಕು. ಡಯೋಡ್ ಇಲ್ಲದಿದ್ದರೆ ಕತ್ತಲಾದ ಮೇಲೆ ಸೆಲ್ಲಿನ ವಿದ್ಯುತ್ತು ಸೌರಕೋಶಗಳತ್ತ ಹಿಂದಕ್ಕೆ ಹರಿದು ನಷ್ಟವಾಗುತ್ತದೆ.

2000 ಮಿಲಿ ಆಂಪಿಯರ್-ಗಂಟೆಯ ಸೆಲ್ಲಿಗೆ 200 ಮಿಲಿ ಆಂಪಿಯರ್ ಸಾಕು. ದಿನಕ್ಕೆ 5 ಗಂಟೆ ಒಳ್ಳೆಯ ಬಿಸಿಲಿದ್ದರೆ ಮೂರು ದಿನಗಳಲ್ಲಿ ತುಂಬುತ್ತದೆ. ಸೌರಕೋಶ ಬಿಸಿಲಿಗಿರಲಿ, ಸೆಲ್ ನೆರಳಿನಲ್ಲಿರಲಿ.

ಎಚ್ಚರಿಕೆ: ಸಾಮಾನ್ಯ ಸೆಲ್‌ಗಳನ್ನು ಹೀಗೆ ಚಾರ್ಜು ಮಾಡಲೇಬಾರದು, ಸೋರಬಹುದು, ಸಿಡಿಯಲೂಬಹುದು. ಲಿಥಿಯಂ ಬ್ಯಾಟರಿಗೂ ಈ ಜೋಡಣೆ ಸಲ್ಲದು.