ಎರೆಹೊಲದ ಗಾಡಿಗೆ ಮೊದಲ ರೂಪಾಯಿ

ನವಲಗುಂದ ತಾಲ್ಲೂಕಿನ ತಿರ್ಲಾಪುರದ ಸೀಮೆಯಲ್ಲಿ ಗಾಡಿ ಎರೆಯೊಳಗೆ ಹೂತು ನಿಂತರೆ ವಿಂಚಿನ ಹಗ್ಗ ಕಟ್ಟಲಿಕ್ಕೆ ಮರ ಸಿಗುವುದಿಲ್ಲ. ಕಣ್ಣು ಹಾಯುವಷ್ಟು ದೂರ ಬಯಲು. ಎಲ್ಲೋ ಒಂದು ಬನ್ನಿ, ಬದುವಿನ ಮೇಲೊಂದು ಜಾಲಿ. ಅದೂ ನೀವು ಸಿಕ್ಕಿಬಿದ್ದ ಜಾಗದಿಂದ ಕಾಲು ಮೈಲಿ ಆಚೆ. ವಿಂಚಿನ ಹಗ್ಗ ಸಾಮಾನ್ಯವಾಗಿ ಇಪ್ಪತ್ತೈದು–ಮೂವತ್ತು ಮೀಟರು ಉದ್ದ ಇರುತ್ತದೆ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಈ ಸಲ ಕಡಲೆ ಮಾರಿದ ಮೇಲೆ ಗಾಡಿಗೆಂದು ₹80,000 ಬೇರೆ ತೆಗೆದಿಟ್ಟೆ. ಗಾಡಿ ಥಾರ್‌ನ ಹಳೆಯ ಮಾದರಿ, 2020ಕ್ಕಿಂತ ಮುಂಚಿನದು, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ದುಡ್ಡಿನ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅಣ್ಣನ ಮಗ ಮೊಬೈಲ್ ಹಿಡಿದುಕೊಂಡು ಬಂದ. ವಿಂಚ್, ಲಿಫ್ಟ್ ಕಿಟ್, ತಲೆ ಮೇಲೊಂದು ಎಲ್‌ಇಡಿ ಲೈಟ್ ಬಾರ್, ಕಬ್ಬಿಣದ ಬಂಪರ್, ನೀರಿಗೆ ಇಳಿಯಲು ಸ್ನಾರ್ಕೆಲ್ ಎಂದು ಪಟ್ಟಿ ಸಿದ್ಧವಾಗಿತ್ತು. "ಕಾಕಾ, ವಿಂಚ್ ಒಂದಿತ್ತಂದ್ರ ಯಾರನ್ನೂ ಕರಿಯೂದು ಬ್ಯಾಡ ನೋಡ್ರಿ" ಅಂದ. ಒಳಗಿದ್ದ ಅಣ್ಣ ಅಲ್ಲಿಂದಲೇ ಕೂಗಿದ: "ಹಗ್ಗ ಯಾತಕ್ಕ ಕಟ್ಟತೀಯೋ, ಬದುವಿನ ಹುಲ್ಲಿಗೇನು?"

ಅಣ್ಣನ ಮಾತಿನಲ್ಲಿ ಲೆಕ್ಕವೂ ಇದೆ. ವಿಂಚು, ಅದನ್ನು ಕೂರಿಸುವ ಪ್ಲೇಟು, ವೈರಿಂಗು ಎಲ್ಲ ಸೇರಿ ₹50,000 ಅಂತ ಹಿಡಿಯಿರಿ. ಇಲ್ಲಿ ಹೂತ ಗಾಡಿಯನ್ನು ಎಳೆಯುವುದು ನಮ್ಮ ಮನೆಯ ಟ್ರ್ಯಾಕ್ಟರ್, ಇಲ್ಲವೇ ಪಕ್ಕದ ಹೊಲದವರದ್ದು. ಅವರು ಕೂಲಿ ಕೇಳುವುದಿಲ್ಲ, ಚಹಾ ಕುಡಿದು ಹೋಗುತ್ತಾರೆ. ಆದರೂ ನ್ಯಾಯವಾಗಿ ಸಲಕ್ಕೆ ₹500ರ ಡೀಸೆಲ್ ಹಾಕಿಸಿಕೊಡುತ್ತೇವೆ ಅನ್ನೋಣ. ವರ್ಷಕ್ಕೆ ನಾಲ್ಕು ಸಲ ಹೂತರೂ ₹2,000. ವಿಂಚಿಗೆ ಹಾಕಿದ ದುಡ್ಡು ಹುಟ್ಟಲು ಇಪ್ಪತ್ತೈದು ವರ್ಷ ಬೇಕು. ಅಷ್ಟರಲ್ಲಿ ಗಾಡಿ ಗುಜರಿಗೆ ಹೋಗಿರುತ್ತದೆ. ಇದೇ ಧಾರವಾಡ ಜಿಲ್ಲೆಯ ಕಲಘಟಗಿ ಕಡೆ ಹೋದರೆ ಲೆಕ್ಕ ತಿರುಗುತ್ತದೆ. ಅಲ್ಲಿ ಕಾಡಿದೆ, ಏರಿಳಿತ ಇದೆ, ಹತ್ತು ಹೆಜ್ಜೆಗೊಂದು ಮರ ಇದೆ, ಟ್ರ್ಯಾಕ್ಟರ್ ಕರೆದರೆ ಬರುವುದು ತಡ. ಅಲ್ಲಿಯವರು ವಿಂಚ್ ತಗೊಂಡರೆ ನಾನು ಬೇಡ ಅನ್ನುವುದಿಲ್ಲ. ಹುಡುಗ ಮೊಬೈಲಿನಲ್ಲಿ ನೋಡುವ ವಿಡಿಯೋ ಮಾಡುವವರಿಗೆ ನವಲಗುಂದದ ಮಣ್ಣು ಗೊತ್ತಿಲ್ಲ. ಪಟ್ಟಿಯನ್ನು ಮಣ್ಣು ನೋಡಿ ಬರೆಯಬೇಕು.

ಹಾಗೆ ಬರೆಯಲು ನಾನು ಮಾಡಿದ್ದು ಇಷ್ಟೇ: ಕಳೆದ ಹಿಂಗಾರಿನಲ್ಲಿ ಗಾಡಿ ಎಲ್ಲೆಲ್ಲಿ ನಿಂತಿತು, ಯಾಕೆ ನಿಂತಿತು ಎಂದು ಒಂದು ಹಾಳೆಯಲ್ಲಿ ಬರೆದೆ. ಗಾಡಿಯ ಹೊಟ್ಟೆ ತಾಗಿ ನಿಂತದ್ದು ಅದರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬೆಳಕು ಸಾಲದೆ ನಿಂತದ್ದೂ ಇಲ್ಲ. ನಿಂತದ್ದೆಲ್ಲ ಒಂದೇ ಕಾರಣಕ್ಕೆ: ಟೈರಿನ ಗೀರುಗಳಲ್ಲಿ ಮಣ್ಣು ಮೆತ್ತಿ, ಚಕ್ರ ಎಣ್ಣೆ ಹಚ್ಚಿದ ಒನಕೆಯಂತಾಗಿ, ಇದ್ದಲ್ಲೇ ತಿರುಗಿದ್ದು. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಹೆಚ್ಚು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಫೆಬ್ರುವರಿಯಲ್ಲಿ ಮಾರುತಿ ಕಾರು ಹೋಗುವ ದಾರಿಯಲ್ಲೇ ಅಕ್ಟೋಬರಿನಲ್ಲಿ, ಕಡಲೆ ಬಿತ್ತುವ ಹೊತ್ತಿಗೆ ಒಂದು ಮಳೆ ಬಿದ್ದರೆ ಚಪ್ಪಲಿ ಕಾಲಿಗೆ ಉಳಿಯುವುದಿಲ್ಲ. ಲಿಫ್ಟ್ ಕಿಟ್ ಹಾಕಿ ಗಾಡಿಯನ್ನು ಎರಡು ಇಂಚು ಎತ್ತಿದರೆ ಏನಾಗುತ್ತದೆ? ಎರಡು ಇಂಚು ಹೆಚ್ಚು ಆಳಕ್ಕೆ ಹೋಗಿ ಕೂರುತ್ತದೆ, ಅಷ್ಟೇ.

ಆದ್ದರಿಂದ ಮೊದಲು ಟೈರು. ಆದರೆ ಟೈರಿಗೂ ಮುಂಚೆ, ಹೇಳಿಕೊಳ್ಳಲು ಏನೂ ಇಲ್ಲದ ಒಂದು ಖರ್ಚಿದೆ: ಇರುವುದನ್ನು ಸರಿ ಮಾಡಿಸುವುದು. ಹಳೆ ಗಾಡಿಯ ಬುಷ್‌ಗಳು, ಬ್ರೇಕು, ಬ್ಯಾಟರಿ, ಗೇರ್ ಆಯಿಲ್, ಡಿಫರೆನ್ಷಿಯಲ್ ಆಯಿಲ್. ತಿಂಗಳುಗಟ್ಟಲೆ ಮುಟ್ಟದ ಫೋರ್ ವ್ಹೀಲ್ ಲಿವರು ಬೇಕಾದ ದಿನವೇ ಬಿಗಿದು ಕೂರುತ್ತದೆ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಹಾಕಿ ಓಡಿಸಿದರೆ ಅದಕ್ಕೆ ದುಡ್ಡು ಬೀಳುವುದಿಲ್ಲ. ಡಿಫರೆನ್ಷಿಯಲ್‌ನ ಉಸಿರಾಟದ ಪೈಪಿನ ಮಾತೂ ಇದೆ. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆ ಪೈಪನ್ನು ಮೇಲಕ್ಕೆ ಎಳೆದು ಕಟ್ಟಿಸಲು ಕೆಲವು ನೂರು ರೂಪಾಯಿ ಸಾಕು. ಸಾವಿರಾರು ರೂಪಾಯಿಯ ಸ್ನಾರ್ಕೆಲ್‌ಗಿಂತ ನಮಗೆ ಇದು ಹೆಚ್ಚು ಉಪಯೋಗಿ. ಇದಕ್ಕೆಲ್ಲ ನನ್ನ ₹80,000ದಲ್ಲಿ ₹14,000 ಹೋಯಿತು.

ಸ್ನಾರ್ಕೆಲ್ ಮಾತು ಬಂತು. ಬೆಣ್ಣೆಹಳ್ಳ, ತುಪ್ಪರಿಹಳ್ಳ ಎಂದರೆ ಹೊರಗಿನವರಿಗೆ ಹೆಸರು ಕೇಳಿ ಬಾಯಲ್ಲಿ ನೀರು ಬರಬಹುದು. ನಮ್ಮ ತಾಲ್ಲೂಕಿನವರಿಗೆ ನೆನಪಾಗುವುದು 2019ರ ಆಗಸ್ಟ್‌ನ ನೆರೆ. ಹೊಸ ಥಾರ್ 650 ಮಿಲಿಮೀಟರ್ ಆಳದ ನೀರಿನಲ್ಲಿ ಹೋಗಬಲ್ಲದು ಎಂದು ಕಂಪನಿ ಹೇಳುತ್ತದೆ. ಹರಿಯುವ ನೀರಿನ ಲೆಕ್ಕ ಬೇರೆ. ಎರಡು ಅಡಿ ಸೆಳವು ಜೀಪನ್ನೂ ಎತ್ತಿ ಒಯ್ಯುತ್ತದೆ. ಹಳ್ಳ ಬಂದಾಗ ಈಚೆಗೇ ನಿಲ್ಲುವುದಕ್ಕೆ ಯಾವ ಅಂಗಡಿಯ ಸಾಮಾನೂ ಬೇಡ.

ಇನ್ನು ಟೈರು. ಆಲ್ ಟೆರೇನ್ ತಗೊಳ್ಳುವುದೋ, ಮಡ್ ಟೆರೇನ್ ತಗೊಳ್ಳುವುದೋ? ಮಡ್ ಟೈರಿನ ಗೀರು ಅಗಲ, ಮೆತ್ತಿದ ಮಣ್ಣನ್ನು ಬೇಗ ಒದರುತ್ತದೆ. ಆದರೆ ಡಾಂಬರಿನ ಮೇಲೆ ಬೇಗ ಸವೆಯುತ್ತದೆ, ಸದ್ದು ಮಾಡುತ್ತದೆ, ತೊಯ್ದ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಹಿಡಿತ ಕಡಿಮೆ. ನನ್ನ ಗಾಡಿ ಓಡುವುದು ಬಹುಪಾಲು ಹುಬ್ಬಳ್ಳಿ–ನವಲಗುಂದ ಹೆದ್ದಾರಿಯ ಮೇಲೆ. ವರ್ಷದಲ್ಲಿ ಕೆಸರಿನ ದಿನ ಕೆಲವೇ. ಆ ಕೆಲವು ದಿನಕ್ಕಾಗಿ ಉಳಿದ ದಿನವೆಲ್ಲ ಕಿವಿ ಕೆಡಿಸಿಕೊಳ್ಳುವುದು ಬೇಡ ಎಂದು ಆಲ್ ಟೆರೇನ್ ಆರಿಸಿದೆ. ಅಳತೆ ಕಂಪನಿ ಕೊಟ್ಟದ್ದೇ, 235/70 ಆರ್ 16. ಅರವತ್ತು ಸಾವಿರ ಕಿಲೋಮೀಟರ್ ಬಾಳುತ್ತದೆ ಎಂದು ಅಂಗಡಿಯವರು ದುಬಾರಿ ಟೈರು ತೋರಿಸಿದರೆ ಸ್ವಲ್ಪ ತಡೆದು ಯೋಚಿಸಿ. ವರ್ಷಕ್ಕೆ ಆರು ಸಾವಿರ ಓಡಿಸುವವರಿಗೆ ಅದು ಹತ್ತು ವರ್ಷದ ಟೈರು. ಅದಕ್ಕೂ ಎಷ್ಟೋ ಮುಂಚೆ ರಬ್ಬರು ಗಟ್ಟಿಯಾಗಿರುತ್ತದೆ. ಬಳಸದೇ ಬಿಡುವ ಕಿಲೋಮೀಟರಿಗೆ ಯಾಕೆ ದುಡ್ಡು? ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2325 ಎಂದಿದ್ದರೆ 2025ರ 23ನೇ ವಾರದಲ್ಲಿ ತಯಾರಾದದ್ದು. ಹಳೆಯದಿದ್ದರೆ ಬೇರೆ ಕೇಳಿ, ಇಲ್ಲವೇ ದರ ಇಳಿಸಿ.

2025ರ ಸೆಪ್ಟೆಂಬರ್ 22ರಿಂದ ಇಂಥ ಟೈರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು ₹40,000 ಆಗುವ ನಾಲ್ಕು ಟೈರಿಗೆ ಮೊದಲು ₹51,200 ಕೊಡಬೇಕಿತ್ತು, ಈಗ ₹47,200. ಉಳಿದ ₹4,000ವನ್ನು ನಾನು ಅಲ್ಲೇ ಗಾಳಿಯ ಪಂಪಿಗೆ ಹಾಕಿದೆ, ಮೇಲೆ ಸಾವಿರ ಸೇರಿಸಿ. ಪಂಪಿಲ್ಲದ ಆಫ್‌ರೋಡ್ ಟೈರು ಅರ್ಧ ಟೈರು. ಕೆಸರಿಗೆ ಇಳಿಯುವ ಮೊದಲು ಗಾಳಿಯನ್ನು ಮೂವತ್ತರ ಆಸುಪಾಸಿನಿಂದ ಹದಿನೆಂಟು–ಇಪ್ಪತ್ತು ಪಿಎಸ್‌ಐಗೆ ಇಳಿಸಿದರೆ ಟೈರು ಅಗಲವಾಗಿ ಕೂತು ಭಾರ ಹಂಚುತ್ತದೆ. ಆದರೆ ಅದೇ ಗಾಳಿಯಲ್ಲಿ ಹೆದ್ದಾರಿ ಹತ್ತಿದರೆ ಟೈರು ಕಾದು ಸಿಡಿಯಬಹುದು. ಹೊಲದ ಬಾಯಲ್ಲೇ ಮತ್ತೆ ತುಂಬಿಸಬೇಕು. ಪಂಪು ಬ್ಯಾಟರಿಗೆ ನೇರ ಕ್ಲಿಪ್ ಹಾಕುವಂಥದ್ದಿರಲಿ. ಸಿಗರೇಟ್ ಲೈಟರಿನ ತೂತಿಗೆ ಸಿಗಿಸುವ ಚಿಕ್ಕ ಪಂಪು ಇಷ್ಟು ದೊಡ್ಡ ಟೈರಿನ ಮುಂದೆ ತಿಣುಕುತ್ತದೆ.

ಆಮೇಲೆ ₹7,000ಕ್ಕೆ ಎಳೆಯುವ ಹಗ್ಗ, ಎರಡು ಶ್ಯಾಕಲ್. ನಮ್ಮಲ್ಲಿ ಎಳೆಯಲು ಕಬ್ಬಿಣದ ಚೈನು ಹಾಕುವುದು ರೂಢಿ. ಚೈನು ಹರಿದರೆ ಅದರ ತುದಿ ಎಲ್ಲಿಗೆ ಹಾರುತ್ತದೋ ಹೇಳಲಾಗದು. ಗಾಡಿಯ ಚಾಸಿಗೆ ಕೂರಿಸಿದ ಕೊಕ್ಕೆಗೇ ಹಗ್ಗ ಹಾಕಬೇಕು, ಬಂಪರಿಗೆ ಅಲ್ಲ, ಟ್ರೇಲರ್ ಎಳೆಯುವ ಗುಂಡಿಗಂತೂ ಅಲ್ಲವೇ ಅಲ್ಲ. ಹಗ್ಗದ ನಡುವೆ ಒಂದು ತೊಯ್ದ ಗೋಣಿಚೀಲ ಹೊದಿಸಿದರೆ, ಹರಿದರೂ ಅದರ ಹಾರಾಟ ಕಡಿಮೆ.

ಲೈಟ್ ಬಾರು, ಕಬ್ಬಿಣದ ಬಂಪರಿನ ಬಗ್ಗೆ ಹುಡುಗನಿಗೆ ಕಾನೂನು ಹೇಳಿದೆ. ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಕಂಪನಿಯ ಮೂಲ ರಚನೆಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ನಿಯಮ ಮೀರಿದ ಒಂದೊಂದು ಬದಲಾವಣೆಗೂ ಮಾಲೀಕನಿಗೆ ₹5,000 ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಅಪಘಾತವಾದ ದಿನ ವಿಮೆಯವರೂ ಇದನ್ನೇ ಹಿಡಿದು ಕೂರಬಹುದು. ನಾಳೆ ಮಾರಲು ಹೋದರೆ ಬಂಪರಿಗೆ ಯಾರೂ ಬೆಲೆ ಕಟ್ಟುವುದಿಲ್ಲ. "ಭಾಳ ಕುಣಿಸಿದ ಗಾಡಿ" ಎಂದು ಹತ್ತು ಸಾವಿರ ಕಡಿಮೆಗೇ ಕೇಳುತ್ತಾರೆ. ಹುಡುಗ ಒಪ್ಪಿದನೆಂದಲ್ಲ. "ನಿಮ್ಮದು ಪೂರಾ ಮುದುಕರ ಲಿಸ್ಟ್ ಆತು ಬಿಡ್ರಿ ಕಾಕಾ" ಅಂದು ಎದ್ದು ಹೋದ.

ದುಡ್ಡು ಎಲ್ಲಿಂದ ತರುತ್ತೇವೆ ಎಂಬುದೂ ಮುಖ್ಯ. ಸೊಸೈಟಿಯಲ್ಲಿ ಸಿಗುವ ಶೂನ್ಯ ಬಡ್ಡಿಯ ಬೆಳೆಸಾಲದಲ್ಲಿ ಸ್ವಲ್ಪ ಈಚೆಗೆ ಎಳೆದು ಗಾಡಿಗೆ ಹಾಕುವವರನ್ನು ನೋಡಿದ್ದೇನೆ. ಸಾಲ ಬೆಳೆಗೆ ಕೊಟ್ಟದ್ದು, ಗಡುವು ತಪ್ಪಿದರೆ ಬಡ್ಡಿ ಹತ್ತುತ್ತದೆ. ಬಂಪರು ಪೀಕು ಕೊಡುವುದಿಲ್ಲ.

ನನ್ನ ಪಟ್ಟಿಗೆ ಒಟ್ಟು ₹73,200 ಆಯಿತು. ಉಳಿದ ₹6,800ಕ್ಕೆ ಅಣ್ಣ ಹಕ್ಕು ಹೇಳಿದ, ಅವನ ವಾದ ನನಗೆ ಒಪ್ಪಿಗೆಯಾಯಿತು. ಜೀಪು ಹೂತರೆ ಎಳೆಯುವುದು ಟ್ರ್ಯಾಕ್ಟರು. ಟ್ರ್ಯಾಕ್ಟರಿನ ಹಿಂದಿನ ಟೈರಿನ ಗೀರು ನುಣ್ಣಗಾಗಿದ್ದರೆ ಎರಡೂ ಹೂತು ಕೂರುತ್ತವೆ. ಜೀಪು ಹೊಲಕ್ಕೆ ಹೋಗುವುದು ನಾವು ಬೆಳೆ ನೋಡಿಕೊಂಡು ಬರಲು. ಟ್ರ್ಯಾಕ್ಟರ್ ಹೋಗುವುದು ಬಿತ್ತಲು, ಹರಗಲು. ಅದು ಎರಡು ದಿನ ತಡವಾದರೆ ಹದ ಹೋಯಿತು. ಟ್ರ್ಯಾಕ್ಟರ್ ಟೈರಿನ ಜಿಎಸ್‌ಟಿಯೂ ಅದೇ ದಿನದಿಂದ ಶೇ 18ರಿಂದ 5ಕ್ಕೆ ಬಂದಿದೆ. ತೆರಿಗೆ ಬಿಟ್ಟು ₹35,000 ಆಗುವ ಜೋಡಿಗೆ ₹41,300 ಇದ್ದದ್ದು ಈಗ ₹36,750. ನನ್ನ ₹6,800 ಮುಂಗಡವಾಗಿ ಅದಕ್ಕೆ ಹೋಯಿತು. ಉಳಿದದ್ದನ್ನು ಹೆಸರು ಮಾರಿದ ಮೇಲೆ ಅಣ್ಣ ಕೊಡುತ್ತಾನೆ. ಹಳೆ ಟೈರಿನಲ್ಲಿ ತುಂಬಿದ ನೀರನ್ನು ಹಿಂಗಾರಿಗೆ ಮುಂಚೆ ತೆಗೆಸಬೇಕೆಂದು ಅವನಿಗೆ ಹೇಳಿದ್ದೇನೆ. ಒಣ ನೆಲದಲ್ಲಿ ರಂಟೆ ಹೊಡೆಯುವಾಗ ಆ ಭಾರ ಹಿಡಿತ ಕೊಡುತ್ತದೆ, ತೊಯ್ದ ಎರೆಯಲ್ಲಿ ಅದೇ ಭಾರ ಟ್ರ್ಯಾಕ್ಟರನ್ನು ಇಳಿಸುತ್ತದೆ. ತೆಗೆಸಲು ಬೇಕಾದದ್ದು ಒಂದು ಸ್ಪ್ಯಾನರು, ಅರ್ಧ ದಿನ.